ಚೆಂಡಿಗೂ ತೆಂಗಿನೆಣ್ಣೆ

ಕೆಲವರಿಗೆ ಬಾಯಿ ಸುಮ್ಮನಿರುವುದಿಲ್ಲ, ನನಗೆ ಕೈ. ಕಣ್ಣೆದುರಿಗಿರುವ ಯಾವ ವಸ್ತುವನ್ನೂ ಒರೆಸದೆ, ತೊಳೆಯದೆ ಬಿಟ್ಟವಳಲ್ಲ. ಅಮ್ಮ ತೀರಿಕೊಂಡ ಮೇಲೆ ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ತಮ್ಮ ಸುದೇಶನನ್ನು ಸಾಕಿದ್ದೂ ಇದೇ ಕೈ. ಓದು ತಲೆಗೆ ಹತ್ತದಿದ್ದರೂ ಅವನ ತಲೆಗೆ ಎಣ್ಣೆ ಹತ್ತಿಸುವುದರಲ್ಲಿ ನಾನು ಯಾರಿಗೂ ಕಡಿಮೆಯಿರಲಿಲ್ಲ.

ಸುದೇಶ ಮುಂದೆ ಅಮೆರಿಕದ ಕಾಲೇಜಿಗೆ ಹೋಗಿ ಅಲ್ಲಿಯ ಫುಟ್‌ಬಾಲ್ ಆಡಿದ. ಕಾಲಿಗಿಂತ ಕೈಗೇ ಹೆಚ್ಚು ಕೆಲಸವಿರುವ, ಹೆಲ್ಮೆಟ್ ಹಾಕಿಕೊಂಡು ಒಬ್ಬರ ಮೇಲೊಬ್ಬರು ಬೀಳುವ ಆಟ ಅದು. ಬಿದ್ದೂ ಬಿದ್ದೂ ಮೊಣಕಾಲು ಕೈಕೊಟ್ಟಿತು. ಈಗ ಈ ಕೊಲ್ಲಿ ದೇಶದಲ್ಲಿ, ಹವಲ್ಲಿಯ ನಮ್ಮ ಫ್ಲ್ಯಾಟಿನಲ್ಲಿದ್ದುಕೊಂಡು ಇಲ್ಲಿಯ ಒಂದು ಕ್ಲಬ್ಬಿನ ಹುಡುಗರಿಗೆ ಕೋಚ್. ಈ ಸಲ ಸೋತರೆ ಬೇರೆ ಕೋಚ್ ನೋಡುತ್ತೇವೆ ಎಂದು ಕ್ಲಬ್ಬಿನವರು ಹೇಳಿಬಿಟ್ಟಿದ್ದರು. ಪಾಪ, ಊಟ ಸೇರುತ್ತಿರಲಿಲ್ಲ ಅವನಿಗೆ.

ಪಂದ್ಯದ ಹಿಂದಿನ ದಿನ ಚೆಂಡು ಸೋಫಾದ ಮೇಲಿತ್ತು. ನನ್ನ ಹಿಮ್ಮಡಿಯ ಹಾಗೆ ಒರಟೊರಟು. ಇಲ್ಲಿಯ ಧೂಳಿಗೆ, ಏಸಿಗೆ ಚರ್ಮ ಒಣಗಿದೆ ಎಂದುಕೊಂಡು ಚೆನ್ನಾಗಿ ತೆಂಗಿನೆಣ್ಣೆ ತಿಕ್ಕಿದೆ. ಹಿಡಿತ ಸಿಗಲೆಂದೇ ಅದನ್ನು ಹಾಗೆ ಮಾಡಿರುತ್ತಾರೆಂದು ನನಗೇನು ಗೊತ್ತು?

ಆ ಆಟದಲ್ಲಿ ಅವರವರ ಸರದಿಗೆ ಅವರವರದೇ ಚೆಂಡು. ನಮ್ಮ ಹುಡುಗರ ಕೈಯಿಂದ ನಮ್ಮದು ಹಸಿ ಬಂಗುಡೆಯಂತೆ ಜಾರತೊಡಗಿತು. ಜಾರಿದ್ದನ್ನೆಲ್ಲ ಎದುರಿನವರು ಬಾಚಿಕೊಂಡರು. ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದ ನನಗೆ ಆಗ ಎಣ್ಣೆಯ ನೆನಪಾಯಿತು. ಅರ್ಧ ಆಟ ಮುಗಿದಾಗ ಸುದೇಶ ಚೆಂಡನ್ನು ಮೂಗಿನ ಹತ್ತಿರ ತಂದ, ಬ್ಯಾಗಿಗೆ ತುರುಕಿ ಬೇರೆಯದನ್ನು ತೆಗೆದ. ಹೇಗೋ ಗೆದ್ದರು, ಕೆಲಸ ಉಳಿಯಿತು. ಆದರೆ ಮರುದಿನ ಚೆಂಡು ಬಿಟ್ಟ ತಪ್ಪಿಗೆ ಹುಡುಗರನ್ನೆಲ್ಲ ಮೈದಾನದ ಸುತ್ತ ಓಡಿಸಿದನಂತೆ. ಅದನ್ನು ಕೇಳಿದ ಮೇಲೆ ನನಗೆ ತಡೆಯಲಾಗಲಿಲ್ಲ. ಅವನು ಉಣ್ಣಲು ಕೂತಾಗ ಎಲ್ಲ ಹೇಳಿಬಿಟ್ಟೆ.

"ಗೊತ್ತುಂಟು ಅಕ್ಕ. ಶಾಲೆಗೆ ಹೋಗುವಾಗ ನನ್ನ ತಲೆಯೂ ಹಾಗೇ ನಾರ್ತಿತ್ತು."

"ಮತ್ತೆ ಆ ಮಕ್ಕಳನ್ನು ಎಂತಕ್ಕೆ ಓಡಿಸಿದ್ದು?"

"ಅಕ್ಕ ಎಣ್ಣೆ ಹಚ್ಚಿದ್ದು ಅಂತ ಹೇಳ್ಲಿಕ್ಕಾಗ್ತದಾ ಮಾರಾಯ್ತಿ? ಮತ್ತೆ ಯಾರು ನನ್ನನ್ನು ಕೋಚ್ ಅಂತಾರೆ? ನೀನು ಇನ್ನು ನನ್ನ ಸಾಮಾನು ಮುಟ್ಬೇಡ, ಆಯ್ತಾ?"

"ದೇವರಾಣೆ ಮುಟ್ಟುವುದಿಲ್ಲ" ಎಂದೆ. ಮನಸ್ಸು ಹಗುರಾಯಿತು. ಆಣೆ ಮುರಿದಿಲ್ಲ ನಾನು. ಆದರೆ ಅದಕ್ಕೆ ಮುಂಚೆಯೇ ಅವನ ಸೀಟಿಯನ್ನು, ಎಂಜಲಲ್ಲವೇ ಎಂದು, ಸೋಪಿನ ನೀರಿನಲ್ಲಿ ಕುದಿಯಲು ಇಟ್ಟಿದ್ದೆ. ಅವನು ಮಲಗಿದ ಮೇಲೆ ಕೈ ತಾಗಿಸದೆ ಇಕ್ಕಳದಲ್ಲಿ ಎತ್ತಿ ಊದಿ ನೋಡಿದೆ. ಒಳಗಿನ ಗುಂಡು ಎಲ್ಲೋ ಅಂಟಿಕೊಂಡಿದೆ, ಬರೀ ಗಾಳಿ ಬರುತ್ತದೆ.