ದೇವರಿಗೆ ಕುರಿ ಏನಾಗಬೇಕು?

ಗೋಕಾಕ, ಮೂಡಲಗಿ, ಹುಕ್ಕೇರಿ ಅಂತ ದನದ ಡಾಕ್ಟರಾಗಿ ತಿರುಗಿದವನು ನಾನು. ನನ್ನ ರೋಗಿಗಳು ಮಾತಾಡುವುದಿಲ್ಲ. ಅವುಗಳ ಮಾಲೀಕರು ಮಾತ್ರ ನನಗೊಂದು, ದೇವರಿಗೊಂದು ಅರ್ಜಿ ಹಾಕಿಯೇ ಇರುತ್ತಾರೆ. ನಾವಿಬ್ಬರೂ ಒಂದೇ ಕೇಸಿನಲ್ಲಿ ಸಿಕ್ಕಿಬೀಳುವುದು ನಡೆದೇ ಇರುತ್ತದೆ.

೧. ಕಲ್ಲಿನ ಬಳಗ

ದಡ್ಡಿ ಎಂಬ ಊರಿನ ಹತ್ತಿರ ಕುರಿ ಕಾಯುವ ಅಜ್ಜ, ಅಜ್ಜಿ ಇದ್ದರು. ಅವರ ಕುರಿಯೊಂದು ಮರಿ ಹಾಕಿ ಮೂರು ದಿನವಾದರೂ ಮೇವು ಮುಟ್ಟಿರಲಿಲ್ಲ. ಮರಿ ಹಾಲಿಗಾಗಿ ಒದರುತ್ತಿತ್ತು. ಆ ಕುರಿಯನ್ನು ಅಜ್ಜಿ ಚಿಕ್ಕಂದಿನಲ್ಲಿ ಬಾಟಲಿ ಹಾಲು ಕುಡಿಸಿ ಬೆಳೆಸಿದ್ದಳು. ಈಗ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಳುತ್ತಿದ್ದಳು.

"ದೇವರನ್ನ ಒಂದ್ ಮಾತು ಕೇಳ್ರಿ," ಎಂದಳು ಗಂಡನಿಗೆ.

"ದೇವರು ಕಲ್ಲು. ಗುಡ್ಡದ ಕಲ್ಲೆಲ್ಲಾ ಅವನ ಅಣ್ಣತಮ್ಮರು. ಕುರಿ ಏನಾಗಬೇಕು ಅವಗ?" ಎಂದ ಅಜ್ಜ, ನನ್ನ ಕಡೆ ತಿರುಗಿದ. "ನೀವು ಸೂಜಿ ಮಾಡ್ರಿ ಡಾಕ್ಟರ. ನಿಮಗರ ಜೀವ ಐತಿ."

ಇಷ್ಟು ವರ್ಷದ ನೌಕರಿಯಲ್ಲಿ ನನಗೆ ಸಿಕ್ಕ ದೊಡ್ಡ ಬಿರುದು ಅದು: ಕಲ್ಲಿಗಿಂತ ವಾಸಿ.

೨. ಚಹಾದೊಳಗಿನ ಜೀವ

ಸೂಜಿ ಮಾಡಿ ಬಂದೆ, ಆದರೆ ಕುರಿ ಉಳಿಯುವ ಭರವಸೆ ನನಗಿರಲಿಲ್ಲ. ಆ ಸಂಜೆ ಘಟಪ್ರಭಾದ ಬಸ್ ನಿಲ್ದಾಣದಲ್ಲಿ ಚಹಾ ಕುಡಿಯುವಾಗ, ಪರಿಚಯದ ನಿವೃತ್ತ ಮಾಸ್ತರರಿಗೆ ಅಜ್ಜನ ಮಾತು ಹೇಳಿದೆ.

"ಅಜ್ಜ ಹೇಳಿದ್ದು ಖರೆ ಐತ್ರಿ," ಎಂದರು. "ಆಕಾಶದಾಗ ಎಷ್ಟ್ ಸೂರ್ಯ, ಎಷ್ಟ್ ಚಿಕ್ಕಿ! ಇಷ್ಟ್ ದೊಡ್ಡ ಸಂಸಾರ ನಡಸಾಂವಗ ನಾವೂ ಅಷ್ಟ, ಧೂಳೂ ಅಷ್ಟ."

ಅಷ್ಟರಲ್ಲಿ ಅವರ ಕಪ್ಪಿಗೆ ಒಂದು ಇರುವೆ ಬಿತ್ತು. ಬಸ್ಸಿನ ಟಿಕೀಟಿನ ತುದಿಯಿಂದ ಅದನ್ನು ಎತ್ತಿ, ಬೆಂಚಿನ ಮೇಲಿಟ್ಟು, ಮೆಲ್ಲಗೆ ಊದತೊಡಗಿದರು. ಚಹಾ ಆರಿತು. ಅವರ ಬಸ್ಸೂ ಹೋಯಿತು. ಮಾಸ್ತರರು ಏಳಲಿಲ್ಲ.

"ಡಾಕ್ಟರ," ಎಂದರು ಕಡೆಗೆ, "ಒಂಚೂರು ನೋಡ್ರಲ್ಲಾ, ಜೀವ ಐತೇನು?"

೩. ಎಡಕ್ಕೋ, ಬಲಕ್ಕೋ

ಮರುದಿನ ಮುಂಜಾನೆ ದಡ್ಡಿಗೆ ಹೋದರೆ ಅಜ್ಜಿಯ ಮಾತೇ ಗೆದ್ದಿತ್ತು. ಹೊಲದ ಬದುವಿನ ಮೇಲೆ ಗೇಣುದ್ದದ ಕಲ್ಲು, ಕುರುಬರ ದೇವರು ಬೀರಪ್ಪ. ಅವನ ಮುಂದೆ ಅಜ್ಜಿಯ ತೊಡೆಗೆ ಒರಗಿದ ಕುರಿ. ಅಜ್ಜ ದೇವರ ತಲೆಯ ಮೇಲೆ ಹೂ ಇಟ್ಟು ಕಣ್ಣು ಮುಚ್ಚಿದ. ಹೂ ಬಲಕ್ಕೆ ಬಿದ್ದರೆ ಕುರಿ ಬದುಕುತ್ತದೆ, ಎಡಕ್ಕೆ ಬಿದ್ದರೆ ಇಲ್ಲ. ನಾನು ಓದಿದವನು, ಆದರೂ ಹೂವಿನ ಮೇಲಿಂದ ಕಣ್ಣು ತೆಗೆಯಲಿಲ್ಲ.

ಹೂ ಮೆಲ್ಲಗೆ ಎಡಕ್ಕೆ ವಾಲಿತು.

ಅಜ್ಜಿ ಕುರಿಯನ್ನು ಬಿಗಿಯಾಗಿ ಅಪ್ಪಿಕೊಂಡಳು. ಅದೇ ಹೊತ್ತಿಗೆ ಕುರಿ ಕತ್ತು ಚಾಚಿ, ಬೀಳಲಿದ್ದ ಹೂವನ್ನು ಬಾಯಿಗೆ ಹಾಕಿಕೊಂಡು ಅಗಿಯಿತು. ಮರಿ ಹಾಕಿದ ಮೇಲೆ ಅದರ ಮೊದಲ ತುತ್ತು.

"ಯಾ ಕಡೆ ಬಿತ್ತು?" ಕಣ್ಣು ಮುಚ್ಚಿಕೊಂಡೇ ಕೇಳಿದ ಅಜ್ಜ.

"ಹೊಟ್ಟ್ಯಾಗ ಬಿತ್ರಿ!" ಅಜ್ಜಿ ಅಳುತ್ತಲೇ ನಗುತ್ತಿದ್ದಳು. "ಇನ್ನೊಂದು ಹೂ ಕೊಡ್ರಿ."

"ಮತ್ತೊಮ್ಮೆ ಕೇಳೂದೇನು?"

"ಕೇಳೂದ್ಯಾಕ್ರಿ? ಆಕಿಗೆ ಹಸಿವಾಗೈತಿ!"

ನನ್ನ ಸೂಜಿಯ ಸುದ್ದಿ ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅಜ್ಜ ದೇವರ ಕೊರಳಿನ ಮಾಲೆಯನ್ನೇ ಬಿಚ್ಚಿ ಕುರಿಯ ಮುಂದೆ ಹಿಡಿದ. ಆಮೇಲೆ ಕಲ್ಲಿನ ಕಡೆ ತಿರುಗಿ ಸಮಾಧಾನ ಹೇಳಿದ:

"ಸಿಟ್ಟಾಗಬ್ಯಾಡಪ್ಪಾ. ನಿನ್ನ ತಂಗಿ ಬಾಣಂತಿ ಅದಾಳ!"