ಇಪ್ಪತ್ತು ಮಂಜೊಟ್ಟಿ

ವಾಮದಪದವಿನ ಸಂಕಪ್ಪನಿಗೆ ಕೋಪ ಮೂಗಿನ ತುದಿಯಲ್ಲೇ. ಪಂಪು ಹಾಕಿ ಊರಿಗೆ ನೀರು ಬಿಡುವುದು ಅವನ ಕೆಲಸ. ನೀರು ಹೆಚ್ಚಾಯಿತೆಂದು ಕೆಳಗಿನ ಮನೆಯವರು ಬೈಯುತ್ತಾರೆ, ಬರಲೇ ಇಲ್ಲವೆಂದು ಮೇಲಿನ ಮನೆಯವರು ಬೈಯುತ್ತಾರೆ. ಹದಿನಾಲ್ಕು ವರ್ಷ ಎಲ್ಲರ ಬುದ್ಧಿವಾದ ಕೇಳಿ, ಈಗ ಯಾರಾದರೂ "ಸಂಕಪ್ಪಣ್ಣ, ಒಂದು ಮಾತು" ಎಂದರೆ ಸಾಕು, ಅವನ ಕಿವಿ ಕೆಂಪಾಗುತ್ತದೆ.

ಆ ಭಾನುವಾರ ಬೆಳಿಗ್ಗೆ ಮೊದಲ ಮಾತು ಮಗಳು ಸಾತ್ವಿಕಾಳದು.

"ಅಪ್ಪ, ಪಂಪ್ ಹೌಸಿನ ಹತ್ರ ಮಂಜೊಟ್ಟಿ ಮರ ಉಂಟಲ್ಲ, ಅದರ ಬೀಜ ತನ್ನಿ. ನಾಳೆ ಶಾಲೆಗೆ ಬೇಕು. ಇಪ್ಪತ್ತೇ ಸಾಕು."

ಪಂಪು ಹಾಕಲು ಹೋದ ಸಂಕಪ್ಪ ಮರದಡಿಯಿಂದ ಒಂದು ಮುಷ್ಟಿ ಕೆಂಪು ಬೀಜ ಬಾಚಿ ಅಂಗಿಯ ಕಿಸೆಗೆ ಹಾಕಿಕೊಂಡ. ಕೂತು ಎಣಿಸುವ ತಾಳ್ಮೆ ಅವನಿಗೆ ಎಲ್ಲಿಯದು?

ಮಧ್ಯಾಹ್ನ ಊಟವಾದ ಮೇಲೆ ಹೆಂಡತಿ ಕುಸುಮ ಒಂಬೈನೂರು ರೂಪಾಯಿ ಕೈಗಿಟ್ಟಳು. "ನಾಲ್ಕು ಗಂಟೆಗೆ ಪೇಟೆಗೆ ಗ್ಯಾಸಿನ ಗಾಡಿ ಬರ್ತದೆ. ರಾತ್ರಿ ನಮ್ಮ ಅಣ್ಣ ಊಟಕ್ಕೆ ಬರ್ತಾರೆ. ಗ್ಯಾಸ್ ಇಲ್ಲದೆ ಬರುವುದಾದ್ರೆ ನೀವೂ ಬರ್ಬೇಡಿ."

ಸಂಕಪ್ಪ ಖಾಲಿ ಸಿಲಿಂಡರನ್ನು ಸ್ಕೂಟರಿಗೆ ಕಟ್ಟಿ ಹೊರಟ. ಗಂಟೆ ಎರಡೂವರೆ. ಕಿಸೆಯಲ್ಲಿ ಅವನದೇ ಆದ ಇನ್ನೂರು ರೂಪಾಯಿ ಬೇರೆ ಇತ್ತು. ಸ್ಕೂಟರು ತಾನಾಗಿ ಮೊಯಿದಿನಬ್ಬರ ಜಿನಸಿನ ಅಂಗಡಿಯ ಮುಂದೆ ನಿಂತಿತು.

ಅಂಗಡಿಯ ಮೇಲಿನದು ಶ್ರವಣನ ಬಾಡಿಗೆ ಕೋಣೆ. ದುಬೈಯಿಂದ ಬರುವಾಗ ಶ್ರವಣ್ ಊರಿಗೆ ತಂದದ್ದು ಎರಡೇ, ಖರ್ಜೂರ ಮತ್ತು ಪೋಕರ್. ಖರ್ಜೂರ ಎರಡು ದಿನಕ್ಕೆ ಮುಗಿಯಿತು, ಪೋಕರ್ ಮುಗಿಯಲಿಲ್ಲ. ದುಡ್ಡಿನ ಬದಲು ಮೇಜಿನ ಮೇಲೆ ಇಡುವುದು ಮಂಜೊಟ್ಟಿ ಬೀಜ. ಬೀಜವೊಂದಕ್ಕೆ ಹತ್ತು ರೂಪಾಯಿ. ಕೂರಲು ಕಡಿಮೆಯೆಂದರೆ ಇಪ್ಪತ್ತು ಬೀಜ ಕೊಳ್ಳಬೇಕು, ಮೇಲೆ ಎಷ್ಟಾದರೂ ಆಗಬಹುದು. ಡಬ್ಬಿಯಲ್ಲಿ ಒಟ್ಟು ಐನೂರು ಬೀಜ. ಆಟ ಮುಗಿದ ಮೇಲೆ ಎಣಿಸಿದಾಗ ಹೆಚ್ಚು ಕಂಡರೆ, ಹೊರಗಿನಿಂದ ತಂದವನ ದುಡ್ಡು ಪೂರ್ತಿ ಜಪ್ತಿ. ಈ ಕಾನೂನು ಮಾಡಿದವನು ಸಂಕಪ್ಪನೇ. "ನಿಮಗೇನು, ಮರವೇ ನಿಮ್ಮ ಕೈಯಲ್ಲುಂಟು" ಎಂದು ಯಾರೋ ತಮಾಷೆ ಮಾಡಿದ ದಿನ, ಮೇಜು ಗುದ್ದಿ ಮಾಡಿದ್ದ.

"ಇಪ್ಪತ್ತು ಕೊಡು," ಎಂದ ಸಂಕಪ್ಪ, ಮೆಟ್ಟಿಲು ಹತ್ತಿ ಬಂದು ಶ್ರವಣನ ಮುಂದೆ ತನ್ನ ಇನ್ನೂರು ಇಟ್ಟು.

"ಇಪ್ಪತ್ತಾ?" ಔಷಧದ ಅಂಗಡಿಯ ಶೋಧನ್ ನಕ್ಕ. "ನಾವಿಬ್ಬರೂ ನೂರು ನೂರು ಹಿಡ್ಕೊಂಡು ಕೂತಿದ್ದೇವೆ. ಇಪ್ಪತ್ತರಲ್ಲಿ ಎಂತ ಆಡ್ತೀರಿ ಸಂಕಪ್ಪಣ್ಣ?"

ಇಸ್ಪೀಟು ಮುಟ್ಟದ ಮೊಯಿದಿನಬ್ಬರೂ ಕೆಳಗಿನಿಂದಲೇ ಕೂಗಿದರು. "ಸಂಕಪ್ಪಣ್ಣ, ಒಂದು ಮಾತು. ಆಡುವುದಾದ್ರೆ ಸರಿಯಾಗಿ ಆಡಿ, ಇಲ್ಲದಿದ್ರೆ ಮನೆಗೆ ಹೋಗಿ!"

"ನನ್ನ ದುಡ್ಡು, ನನ್ನ ಇಪ್ಪತ್ತು! ನಿಮಗೆಲ್ಲ ಎಂತ ಆಗ್ಬೇಕು?" ಸಂಕಪ್ಪನ ಕಿವಿ ಆಗಲೇ ಬೀಜದ ಬಣ್ಣಕ್ಕೆ ತಿರುಗಿತ್ತು.

ಒಂದು ಗಂಟೆ ಬರೀ ಕೆಟ್ಟ ಎಲೆ. ಎಲೆ ಕೆಳಗಿಟ್ಟು ಕೆಳಗಿಟ್ಟು ಕೂತ. ಆಮೇಲೆ ಬಂತು ನೋಡಿ, ಮೂರು ರಾಜ! ಸಂಕಪ್ಪ ಇದ್ದ ಇಪ್ಪತ್ತನ್ನೂ ಮುಂದೆ ತಳ್ಳಿದ. ಉಳಿದಿಬ್ಬರೂ ಹಟಕ್ಕೆ ಬಿದ್ದು, ಅತ್ತಿತ್ತ ಹೋಗಿ ಮತ್ತೆ ಅಲ್ಲಿಗೇ ಬಂದು ನಿಂತಿದ್ದ ತಮ್ಮ ನೂರು ನೂರು ಇಟ್ಟರು. ಎಲೆ ಬಿಚ್ಚಿದರೆ ಶೋಧನನಲ್ಲಿ ಎರಡು ಜೋಡಿ, ಶ್ರವಣನಲ್ಲಿ ಒಂದು. ಸಂಕಪ್ಪ ಎರಡೂ ಕೈ ಚಾಚಿದ.

ಶ್ರವಣ್ ಅರವತ್ತು ಬೀಜ ಮಾತ್ರ ಅವನ ಕಡೆ ದೂಡಿ, ನೂರ ಅರವತ್ತನ್ನು ಶೋಧನನ ಕಡೆ ದೂಡಿದ.

"ಮೂರು ರಾಜ ನನ್ನದು, ರಾಶಿ ಅವನಿಗಾ?"

"ನೀವು ಇಟ್ಟದ್ದು ಇಪ್ಪತ್ತು. ಒಬ್ಬೊಬ್ಬರಿಂದ ನಿಮಗೆ ಇಪ್ಪತ್ತೇ. ಉಳಿದದ್ದು ನಮ್ಮಿಬ್ಬರ ಮಧ್ಯೆ, ಅದರಲ್ಲಿ ಅವನು ಗೆದ್ದ. ಲೆಕ್ಕ ಅಂದ್ರೆ ಲೆಕ್ಕ ಮಾರಾಯ್ರೆ."

"ಗೆದ್ದವನಿಗಿಂತ ಸೋತವನಿಗೆ ಹೆಚ್ಚು ಸಿಗುವ ಆಟಕ್ಕೆ ಬೆಂಕಿ ಬೀಳ!" ಸಂಕಪ್ಪ ಅರವತ್ತನ್ನೂ ಬಾಚಿ ಕಿಸೆಗೆ ಸುರಿದುಕೊಂಡು ಬಾಗಿಲವರೆಗೆ ಹೋದ.

ಹಾಗೆಯೇ ಹೋಗಿದ್ದರೆ ನಾನೂರು ರೂಪಾಯಿ ಲಾಭವಿತ್ತು. ಆದರೆ ಹಿಂದಿನಿಂದ ಶೋಧನ್, "ನಾನು ಆಗ್ಲೇ ಹೇಳಿದ್ದೆ, ನೂರರಲ್ಲಿ ಕೂರಿ ಅಂತ," ಎಂದ. ಸಂಕಪ್ಪ ತಿರುಗಿ ಬಂದ. ಗ್ಯಾಸಿನ ಒಂಬೈನೂರನ್ನು ಮೇಜಿಗೆ ಅಪ್ಪಳಿಸಿ ತೊಂಬತ್ತು ಬೀಜ ತೆಗೆದುಕೊಂಡ. ಕಿಸೆಯನ್ನು ಮಗುಚಿ ಅದರಲ್ಲಿದ್ದದ್ದನ್ನೂ ಮೇಲೆ ಸುರಿದ. "ಇಗೊಳ್ಳಿ! ಇದೂ ಸೇರಲಿ! ಈಗ ಎಂತ ಹೇಳ್ತೀರಿ?"

ಅದೇನು ಗ್ರಹಗತಿಯೋ, ಮುಂದಿನ ಆಟದಲ್ಲೇ ನಾಲ್ಕು ಗುಲಾಮರು ಬಂದರು. ಶೋಧನನ ನೂರ ಅರವತ್ತು, ಶ್ರವಣ್ ಹೊಸದಾಗಿ ತೆಗೆದುಕೊಂಡಿದ್ದ ನೂರು, ಎಲ್ಲವೂ ಸಂಕಪ್ಪನ ಮುಂದೆ ರಾಶಿ ಬಿದ್ದವು. ಅಷ್ಟರಲ್ಲಿ ಕೆಳಗಿನಿಂದ ಮೊಯಿದಿನಬ್ಬರು, "ಗ್ಯಾಸಿನ ಗಾಡಿ ಬಂತು!" ಎಂದು ಕೂಗಿದರು.

"ಎಣಿಸು, ಬೇಗ!" ಸಂಕಪ್ಪನ ಮುಖದಲ್ಲಿ ಹದಿನಾಲ್ಕು ವರ್ಷಗಳಲ್ಲೇ ಮೊದಲ ನಗು.

ಶ್ರವಣ್ ಎಣಿಸಿದ. ನಾನೂರ ಮೂವತ್ತೇಳು. ಡಬ್ಬಿಯಲ್ಲಿ ಉಳಿದದ್ದು ತೊಂಬತ್ತು. ಇನ್ನೊಮ್ಮೆ ಎಣಿಸಿದ.

"ಐನೂರ ಇಪ್ಪತ್ತೇಳು ಉಂಟು ಸಂಕಪ್ಪಣ್ಣ. ಇಪ್ಪತ್ತೇಳು ಹೆಚ್ಚು."

ಇಬ್ಬರೂ ಅವನ ಅಂಗಿಯ ಕಿಸೆಯನ್ನೇ ನೋಡಿದರು. ಸಂಕಪ್ಪನೂ ನೋಡಿಕೊಂಡ. ಬೆಳಗಿನ ಒಂದು ಮುಷ್ಟಿ ಆಗ ನೆನಪಾಯಿತು.

"ಅದು ಮಗಳಿಗೆ... ಶಾಲೆಗೆ..."

"ಕಾನೂನು ಯಾರು ಮಾಡಿದ್ದು?" ಎಂದು ಶೋಧನ್ ಮೆಲ್ಲಗೆ ಕೇಳಿ, ಸಂಕಪ್ಪನ ದುಡ್ಡನ್ನೆಲ್ಲ ಜಪ್ತಿಯೆಂದು ಬದಿಗೆ ಸರಿಸಿದ.

ಸಂಕಪ್ಪ ಗುದ್ದಲು ಕೈ ಎತ್ತಿದ. ಗುದ್ದುವುದಾದರೂ ಯಾರನ್ನು? ಕೈ ತಾನಾಗಿ ಕೆಳಗಿಳಿಯಿತು. ಕೆಳಗೆ ಗ್ಯಾಸಿನ ಗಾಡಿ ಹಾರನ್ ಹೊಡೆದು ಹೊರಟುಹೋಯಿತು.

"ನಿಮ್ಮ ಬೀಜ ಯಾವುದು, ನಮ್ಮದು ಯಾವುದು ಅಂತ ಇನ್ನು ಗೊತ್ತಾಗ್ಲಿಕ್ಕಿಲ್ಲ," ಎಂದ ಶ್ರವಣ್. "ಎಲ್ಲ ನೀವೇ ಕೊಂಡೋಗಿ. ನಾವು ಪ್ಲಾಸ್ಟಿಕ್ ಬಿಲ್ಲೆ ತರಿಸ್ತೇವೆ."

ಖಾಲಿ ಸಿಲಿಂಡರಿನೊಂದಿಗೆ ಅಂಗಳಕ್ಕೆ ಬಂದ ಗಂಡನನ್ನು ನೋಡಿ ಕುಸುಮ ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಸಂಕಪ್ಪ ಜಗಲಿಯಲ್ಲಿ ಕೂತು ಬೀಜ ಕಟ್ಟಿ ತಂದಿದ್ದ ಬೈರಾಸು ಟವೆಲಿನ ಗಂಟು ಬಿಚ್ಚಿದ. ಕಿಟಕಿಯ ಸರಳಿನ ಎಡೆಯಿಂದ ಸಾತ್ವಿಕಾ ಕೈ ಚಾಚಿ ಒಂದೊಂದೇ ಬೀಜ ಎಣಿಸಿ ತೆಗೆದುಕೊಂಡಳು. ಉಳಿದ ರಾಶಿಯನ್ನು ನೋಡಿ ಅವಳಿಗೆ ಅರ್ಥವೇ ಆಗಲಿಲ್ಲ.

"ಇಷ್ಟೆಲ್ಲ ಯಾಕೆ ತಂದದ್ದು ಅಪ್ಪ? ಇಪ್ಪತ್ತೇ ಸಾಕು ಅಂತ ಬೆಳಿಗ್ಗೆಯೇ ಹೇಳಿದ್ದೆನಲ್ಲ!"