ಬರಿ ಬಟ್ಟಲಿನ ಖರ್ಚು

ಮಿತವ್ಯಯದ ಬಗ್ಗೆ ಮಾತಾಡುವುದಕ್ಕೆ ಖರ್ಚಿಲ್ಲ. ಅದಕ್ಕೇ ಇರಬೇಕು, ಆ ವಿಷಯದ ಮೇಲೆ ನಾನು ಬಹಳ ಮಾತಾಡಿದ್ದೇನೆ. ಕಾಲೇಜಿನಲ್ಲಿದ್ದಾಗ ಚರ್ಚಾಸ್ಪರ್ಧೆಗಳಿಗೆ ಹೋಗುತ್ತಿದ್ದೆ. ಪರವೋ ವಿರೋಧವೋ ಎಂಬುದು ವೇದಿಕೆ ಹತ್ತುವ ಹತ್ತು ನಿಮಿಷ ಮೊದಲು ಚೀಟಿ ಎತ್ತಿದಾಗ ಗೊತ್ತಾಗುತ್ತಿತ್ತು. ‘ಹಬ್ಬಗಳೇ ಬಡವನ ಶತ್ರು’ ಎಂಬ ವಿಷಯಕ್ಕೆ ದಾವಣಗೆರೆಯಲ್ಲಿ ಪರವಾಗಿ ಮಾತಾಡಿ ಒಂದು ಸ್ಟೀಲ್ ಲೋಟ ಗೆದ್ದೆ. ಮುಂದಿನ ತಿಂಗಳು ಶಿವಮೊಗ್ಗದಲ್ಲಿ ಅದೇ ವಿಷಯಕ್ಕೆ ವಿರೋಧವಾಗಿ ಮಾತಾಡಿ ಇನ್ನೊಂದು ಗೆದ್ದೆ. ಎರಡೂ ಒಂದೇ ಅಳತೆಯ ಲೋಟಗಳು. ಇದರಿಂದ ಸತ್ಯದ ಬಗ್ಗೆ ನನಗೆ ಸ್ವಲ್ಪ ಅನುಮಾನ ಬಂದದ್ದು ನಿಜ. ನನ್ನ ಬಗ್ಗೆ ಬರಲಿಲ್ಲ. ಅದು ಬಂದದ್ದು ನ್ಯಾಮತಿಯಲ್ಲಿ, ಒಂದು ಬಟ್ಟಲಿನ ದೆಸೆಯಿಂದ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ನ್ಯಾಮತಿಯಲ್ಲಿ ಹೈಸ್ಕೂಲು ಮೇಷ್ಟ್ರಾಗಿದ್ದೆ. ಮನೆಯಲ್ಲಿ ಅವ್ವ ಮತ್ತು ನಾನು. ತಂಗಿ ನಾಗವೇಣಿಯನ್ನು ಆ ಬೇಸಿಗೆಯಲ್ಲಷ್ಟೇ ಜಗಳೂರಿಗೆ ಮದುವೆ ಮಾಡಿಕೊಟ್ಟಿದ್ದೆವು. ಹಾಗಾಗಿ ಬರುವ ದೀಪಾವಳಿ ಅಳಿಯನ ಮೊದಲ ದೀಪಾವಳಿ. ಅಳಿಯನಿಗೆ ಬಟ್ಟೆ, ಉಂಗುರ, ಮೂರು ದಿನದ ಊಟ. ನನ್ನ ಸಂಬಳ ಅಷ್ಟು ದೂರ ನಡೆಯುವ ಜಾತಿಯದಲ್ಲ. ಅದೂ ಅಲ್ಲದೆ ದೀಪಾವಳಿಗೆ ಮುಂಚಿನ ಒಂದೇ ತಿಂಗಳಲ್ಲಿ ಮಾಲಯ ಅಮಾವಾಸ್ಯೆ, ದಸರೆ, ಸೀಗೆ ಹುಣ್ಣಿಮೆ ಒಂದರ ಬೆನ್ನಿಗೆ ಒಂದು ಬರುತ್ತವೆ. ಭತ್ತ ಇನ್ನೂ ಗದ್ದೆಯಲ್ಲೇ ನಿಂತಿರುವಾಗ, ಯಾರ ಕೈಯಲ್ಲೂ ಕಾಸಿಲ್ಲದ ಹೊತ್ತು ನೋಡಿ ಇಷ್ಟೊಂದು ಹಬ್ಬ ಇಟ್ಟವರು ಯಾರು ಎಂದು ನನಗೆ ಬಹಳ ಕುತೂಹಲವಿತ್ತು. ಚನ್ನಗಿರಿಯಲ್ಲಿದ್ದ ನನ್ನ ಸೋದರಮಾವ ಈ ಸಮಸ್ಯೆಯನ್ನು ತನ್ನದೇ ರೀತಿಯಲ್ಲಿ ಬಿಡಿಸಿದ್ದ. ಮಾಲಯ ಅಮಾವಾಸ್ಯೆಯ ಹಿಂದಿನ ದಿನ ಮನೆಗೆ ಬೀಗ ಜಡಿದು, ಹೆಂಡತಿ ಮಕ್ಕಳ ಸಮೇತ ಒಂದೊಂದು ಹಬ್ಬಕ್ಕೆ ಒಬ್ಬೊಬ್ಬ ನೆಂಟರ ಮನೆಯಂತೆ ಹೊರಟು, ದೀಪಾವಳಿ ಮುಗಿಸಿಕೊಂಡೇ ಬೀಗ ತೆಗೆಯುತ್ತಿದ್ದ. ಆದರೆ ಅಳಿಯನೇ ನಮ್ಮ ಮನೆಗೆ ಬರುವ ವರ್ಷ ನಾವು ಬೀಗ ಜಡಿಯುವಂತಿರಲಿಲ್ಲ. ಎಲ್ಲಿ ಕತ್ತರಿ ಹಾಕಬಹುದು ಎಂದು ಹುಡುಕುತ್ತ ಕೂತೆ. ಆಗ ಕಣ್ಣಿಗೆ ಬಿದ್ದದ್ದು ಬಟ್ಟಲು.

ನಮ್ಮ ಓಣಿಯಲ್ಲಿ ಹಬ್ಬ ಬಂತೆಂದರೆ ಬಟ್ಟಲುಗಳು ಓಡಾಡಲು ಶುರುವಾಗುತ್ತಿದ್ದವು. ಎದುರುಮನೆ ಗೌರಕ್ಕನ ಬಟ್ಟಲು ಹೋಳಿಗೆ ಹೊತ್ತು ನಮ್ಮಲ್ಲಿಗೆ ಬರುತ್ತಿತ್ತು. ಅದೇ ಬಟ್ಟಲು ನಮ್ಮ ಕಡುಬು ಹೊತ್ತು ಅಲ್ಲಿಗೆ ಹೋಗುತ್ತಿತ್ತು. ಪಾತ್ರೆಗಳಿಗೆ ಕಲಾಯಿ ಹಾಕುವ ಖಾದರ್ ಸಾಬರ ಹೆಂಡತಿ ಜೈನಾಬಿ ನಮ್ಮ ತಟ್ಟೆಯನ್ನು ಸೀತಾಫಲ ತುಂಬಿ ವಾಪಸ್ ಮಾಡುತ್ತಿದ್ದರು. ಬಂದ ಪಾತ್ರೆಯನ್ನು ಬರಿದಾಗಿ ಕಳಿಸಬಾರದು. ಇದು ಕಾನೂನು. ಕಳಿಸಿದ ಪಾತ್ರೆ ಬರಿದಾಗಿ ಬರುವುದಿಲ್ಲ. ಇದೂ ಕಾನೂನು. ಈ ಎರಡೂ ಕಾನೂನುಗಳನ್ನು ಒಟ್ಟಿಗೆ ಇಟ್ಟು ನೋಡಿದವರಿಗೆ ಒಂದು ಸಂಗತಿ ಹೊಳೆಯುತ್ತದೆ: ಈ ಓಡಾಟ ಎಂದೂ ನಿಲ್ಲುವಂತಿಲ್ಲ. ಮೊಟ್ಟಮೊದಲ ಬಟ್ಟಲನ್ನು ಯಾರು ಕಳಿಸಿದರೋ, ಯಾವ ಕಾಲದಲ್ಲೋ, ಅವತ್ತಿನಿಂದ ನಾವೆಲ್ಲ ಅದಕ್ಕೆ ಉತ್ತರ ಕೊಡುತ್ತಲೇ ಇದ್ದೇವೆ. ಐದು ಮನೆ, ನಾಲ್ಕು ಹಬ್ಬ. ಅವ್ವ ನಮ್ಮಿಬ್ಬರಿಗೆ ಹತ್ತು ಹೋಳಿಗೆ ಸಾಕಾಗುವಲ್ಲಿ ಮೂವತ್ತು ಬೇಯಿಸುತ್ತಿದ್ದಳು. ರೇಷನ್ ಕಾರ್ಡಿನ ಸಕ್ಕರೆ ಮುಗಿದು ಅಂಗಡಿಯ ಬೆಲ್ಲಕ್ಕೆ ಬರುತ್ತಿದ್ದೆವು.

ದಸರೆಯ ಮಾರನೆಯ ದಿನ, ರಜೆಯ ಬೆಳಿಗ್ಗೆ, ಗೌರಕ್ಕನ ಬಟ್ಟಲು ನಮ್ಮ ಅಡಿಗೆಮನೆಯಲ್ಲಿ ಕೂತಿತ್ತು. ಅವ್ವ ಅದಕ್ಕೆ ಏನು ತುಂಬಲಿ ಎಂದು ಡಬ್ಬಿಗಳನ್ನು ತೆರೆದು ನೋಡುತ್ತಿದ್ದಳು. ನಾನು ವಿಷಯ ಮಂಡಿಸಿದೆ.

“ಅವ್ವ, ಅವರ ಹೋಳಿಗೆ ನಾವು ತಿನ್ನೋದು, ನಮ್ಮ ಹೋಳಿಗೆ ಅವರು ತಿನ್ನೋದು. ಅವರದ್ದು ಅವರು, ನಮ್ಮದು ನಾವು ತಿಂದರೆ ಏನು ಕಡಿಮೆ ಆಗ್ತೈತೆ?”

“ಬಟ್ಟಲು ಬರಿದು ಕಳಿಸಾಕೆ ಬರ್ತೈತೇನೋ?”

“ಯಾಕೆ ಬರಲ್ಲ? ಒಂದು ಕಾರಣ ಹೇಳು.”

“ಕಳಿಸಬಾರದು.”

“ಅದು ಕಾರಣ ಅಲ್ಲ. ಕಾರಣ ಹೇಳು ಅಂದೆ.”

ಅವ್ವ ನನ್ನನ್ನು ಸ್ವಲ್ಪ ಹೊತ್ತು ನೋಡಿದಳು. ತೀರ್ಪುಗಾರರಲ್ಲಿ ಇಂಥ ನೋಟ ಕಂಡಾಗಲೆಲ್ಲ ನಾನು ಗೆದ್ದಿದ್ದೇನೆ ಎಂದೇ ತಿಳಿಯುತ್ತಿದ್ದೆ. “ಆತಪ್ಪ,” ಎಂದಳು, “ಓದಿದೋನು ನೀನು. ಬಟ್ಟಲು ತೊಳೆದು ಕೊಡ್ತೀನಿ. ನೀನೇ ಒಯ್ದು ಕೊಟ್ಟು ಬಾ. ನನ್ನ ಕೈಲಿ ಆಗಲ್ಲ.”

ಓಣಿ ದಾಟಲು ಹದಿನೈದು ಹೆಜ್ಜೆ. ಗೌರಕ್ಕ ಅಂಗಳದಲ್ಲಿ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದಳು. ಬಟ್ಟಲು ತೆಗೆದುಕೊಂಡು ಒಳಗೆ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ಮತ್ತೆ ಬಟ್ಟಲೊಳಗೆ ನೋಡಿದಳು, ಮೊದಲ ಸಲ ಸರಿಯಾಗಿ ಕಂಡಿರಲಿಕ್ಕಿಲ್ಲ ಎಂಬಂತೆ.

“ಅವ್ವ ಆರಾಮ ಅದಾಳೇನಪ್ಪ?”

“ಆರಾಮ ಅದಾಳೆ ಗೌರಕ್ಕ.”

“ಜ್ವರ ಗಿರ?”

“ಏನಿಲ್ಲ.”

“ನಿನ್ನ ನೌಕರಿ...?”

“ಐತೆ.”

“ಹ್ಞೂಂ,” ಎಂದಳು ಗೌರಕ್ಕ. ಇಷ್ಟು ಕರುಣೆ ತುಂಬಿದ ‘ಹ್ಞೂಂ’ ಅನ್ನು ಸತ್ತವರ ಮನೆಯಲ್ಲಿ ಮಾತ್ರ ಕೇಳಿದ್ದೆ. ನಾನು ನನ್ನ ತತ್ವವನ್ನು ಎರಡು ಮಾತಿನಲ್ಲಿ ವಿವರಿಸಿದೆ. ಅವಳು ಪೂರ್ತಿ ಕೇಳಿ, “ಹೌದಪ್ಪ, ಹಂಗೇ ಹೇಳಬೇಕು. ಗಂಡಸು ಮಕ್ಕಳು ಹಂಗೇ ಹೇಳಾದು,” ಎಂದು ನಿಟ್ಟುಸಿರು ಬಿಟ್ಟಳು.

ಅಂದು ಸಂಜೆ ಹಿತ್ತಲ ಬಾಗಿಲಿಗೆ ಒಂದು ಮೊರ ಅಕ್ಕಿ ಬಂತು, ಮೇಲೆ ಟವೆಲು ಮುಚ್ಚಿ. ಮಾರನೆಯ ದಿನ ಜೈನಾಬಿ ಒಂದು ಬುಟ್ಟಿ ಸೀತಾಫಲ ತಂದು, “ಗಿಡದಾಗೆ ಕೊಳೆತು ಹೋಗ್ತಾವೆ ಅಕ್ಕಾ, ನೀವು ತಿಂದ್ರೆ ನಮಗೇ ಪುಣ್ಯ,” ಎಂದು ನಮಗೆ ನಾಚಿಕೆಯಾಗದಂತೆ ಇಟ್ಟು ಹೋದರು. ಮೂಲೆಮನೆಯಿಂದ ಬೇಳೆ ಬಂತು. ಪಕ್ಕದ ಮನೆಯಿಂದ ಎರಡು ತೆಂಗಿನಕಾಯಿ ಗೋಡೆ ಮೇಲಿನಿಂದಲೇ ಇಳಿದವು. ನಮ್ಮ ಓಣಿಯಲ್ಲಿ ಬರಿ ಬಟ್ಟಲಿಗೆ ಒಂದೇ ಅರ್ಥ ಎಂದು ನನಗೆ ಆಗ ಗೊತ್ತಾಯಿತು: ಆ ಮನೆಯ ಒಲೆ ಉರಿಯುತ್ತಿಲ್ಲ. ಬಾಯಿಬಿಟ್ಟು ಕೇಳಲಾರದವರು ಬಟ್ಟಲಿನ ಕೈಲಿ ಹೇಳಿಸುತ್ತಾರೆ. ಎಂಥ ಅಚ್ಚುಕಟ್ಟಾದ ಏರ್ಪಾಡು ಎಂದು ಒಂದು ಕ್ಷಣ ಸಂತೋಷವಾಯಿತು. ಇದನ್ನು ತಿಳಿಯದೆ ಇಷ್ಟು ವರ್ಷ ಹೇಗಿದ್ದೆ ಎಂದು ಅವ್ವನನ್ನು ಕೇಳಿಯೂ ಬಿಟ್ಟೆ.

“ಮೊದಲು ಬಟ್ಟಲು ತುಂಬ್ತಿದ್ದೆ,” ಎಂದಳು ಅವ್ವ. “ಈಗ ಮೊರ, ಬುಟ್ಟಿ ತುಂಬಬೇಕು. ಉಳಿತಾಯ ಆತಲ್ಲ, ಖುಷಿಪಡು.”

ನಾನು ಮನೆಮನೆಗೆ ಹೋಗಿ ನಮಗೆ ಯಾವ ಕೊರತೆಯೂ ಇಲ್ಲವೆಂದು ಸಾಧಿಸಿದೆ. ಉದಾಹರಣೆ ಕೊಟ್ಟೆ, ಉಪಮೆ ಕೊಟ್ಟೆ. ಹೋದ ಮನೆಯವರೆಲ್ಲ ನನಗೆ ಊಟಕ್ಕೆ ಏಳಿ ಎಂದರು.

ಇಲ್ಲಿಗೆ ನಿಂತಿದ್ದರೆ ಇದು ನಗುವ ಸಂಗತಿಯಾಗಿಯೇ ಉಳಿಯುತ್ತಿತ್ತು. ಆದರೆ ಗೌರಕ್ಕನ ತವರುಮನೆ ಜಗಳೂರು. ನಾಗವೇಣಿಯ ಸಂಬಂಧ ಕುದುರಿಸಿದವಳೂ ಅವಳೇ. ಸೀಗೆ ಹುಣ್ಣಿಮೆಗೆ ಅವಳು ತವರಿಗೆ ಹೋಗಿ ಬಂದ ನಾಲ್ಕೇ ದಿನಕ್ಕೆ ನಮಗೊಂದು ಇನ್‌ಲ್ಯಾಂಡ್ ಪತ್ರ ಬಂತು. ಮಾತು ಬೀಗಿತಿಯದು, ಅಕ್ಷರ ನಾಗವೇಣಿಯದು. ‘ನಿಮ್ಮ ಪರಿಸ್ಥಿತಿ ತಿಳಿಯಿತು. ದೀಪಾವಳಿಯ ತೊಂದರೆ ತೆಗೆದುಕೊಳ್ಳಬೇಡಿ. ಈ ವರ್ಷ ಇಲ್ಲೇ ಮಾಡಿಕೊಳ್ಳುತ್ತೇವೆ. ಮುಂದೆ ನೋಡಿದರಾಯಿತು.’ ಒಂದು ಕಟು ಮಾತಿಲ್ಲ. ಕೊನೆಯಲ್ಲಿ ನಾಗವೇಣಿ ತನ್ನದೇ ಮಾತು ಬರೆಯಲು ಹೋಗಿ ‘ಅವ್ವಾ’ ಎಂದು ಬರೆದು ಹೊಡೆದುಹಾಕಿದ್ದಳು.

ಅವ್ವ ಪತ್ರ ಹಿಡಿದು ಕಂಬಕ್ಕೊರಗಿ ಕೂತಳು. “ಮೊದಲ ದೀಪಾವಳಿ ಎರಡು ಸಲ ಬರಲ್ಲೋ,” ಎಂದಳು. “ನಾಳೆ ಅಲ್ಲಿ ಹಾಲು ಚೆಲ್ಲಿದರೂ ‘ತವರಿನಾಗೆ ಒಂದು ಹಬ್ಬಕ್ಕೆ ಕರೆಯಾಕೆ ಗತಿ ಇರಲಿಲ್ಲ’ ಅಂತಾರೆ. ಆ ಮಗು ಬದುಕಿರೋತನಕ ಅದನ್ನ ಕೇಳಬೇಕು.”

ಭಾನುವಾರ ಜಗಳೂರಿಗೆ ಹೋದೆ. ಬೀಗಿತಿ ಕೊಟ್ರಮ್ಮನವರು ಅಂಗಳದ ತುಂಬ ಶೇಂಗಾ ಹರಡಿ ಕೋಳಿ ಓಡಿಸುತ್ತ ಕೂತಿದ್ದರು. ಅವರ ಮಗ, ನಾಗವೇಣಿಯ ಗಂಡ ರುದ್ರೇಶಪ್ಪನವರು ಮೂಲೆಯಲ್ಲಿ ಚೀಲ ಹೊಲಿಯುತ್ತಿದ್ದರು. ಹೆಚ್ಚು ಮಾತಿನ ಮನುಷ್ಯರಲ್ಲ. ನಾನು ಮುಕ್ಕಾಲು ಗಂಟೆ ಮಾತಾಡಿದೆ. ನಮ್ಮಲ್ಲಿ ಬಡತನವಿಲ್ಲ, ಇರುವುದು ವಿಚಾರ. ಬಟ್ಟಲಿನ ಓಡಾಟದಿಂದ ಎರಡೂ ಮನೆಗೆ ಖರ್ಚೇ ಹೊರತು ಗಳಿಕೆಯಿಲ್ಲ. ಯಾರಾದರೊಬ್ಬರು ಧೈರ್ಯ ಮಾಡಿ ನಿಲ್ಲಿಸಬೇಕಿತ್ತು, ನಿಲ್ಲಿಸಿದೆ. ಆದ್ದರಿಂದ ದಯವಿಟ್ಟು ದೀಪಾವಳಿಗೆ ಬನ್ನಿ. ನನ್ನ ಜೀವನದ ಅತ್ಯುತ್ತಮ ಭಾಷಣ ಅದು. ಕೊಟ್ರಮ್ಮನವರು ಸೆರಗಿನಿಂದ ಕಣ್ಣೊರೆಸಿಕೊಂಡು ಮಗನ ಕಡೆ ತಿರುಗಿದರು.

“ಎಷ್ಟು ಚೆಂದ ಮಾತಾಡ್ತಾನೆ ನೋಡು, ಪಾಪ. ಒಳಗಿನ ಸಂಕಟ ಒಂಚೂರೂ ತೋರಿಸಲ್ಲ.”

ಹೊರಡುವಾಗ ಒಂದು ಹಿತ್ತಾಳೆ ಡಬ್ಬಿಯ ತುಂಬ ಶೇಂಗಾ ಉಂಡೆ ಹಾಕಿ, “ಬ್ಯಾಡ ಅನ್ನಬ್ಯಾಡ್ರಿ, ಬೀಗಿತಿಗೆ ಕೊಡ್ರಿ,” ಎಂದು ಕೈಗಿಟ್ಟರು. ಮೊರ, ಬುಟ್ಟಿಗಳ ಜೊತೆಗೆ ಈಗ ಬೀಗರ ಭಿಕ್ಷೆ ಒಂದು ಬಾಕಿಯಿತ್ತು. ಹೊನ್ನಾಳಿ ದಾಟುವವರೆಗೂ ಅದನ್ನು ಹೊಳೆಗೆ ಎಸೆಯುವ ಯೋಚನೆಯಲ್ಲೇ ಇದ್ದೆ.

ಅವ್ವ ಡಬ್ಬಿಯನ್ನು ಕೈಗೆತ್ತಿಕೊಂಡಳು. ತಿರುಗಿಸಿ ತಳ ನೋಡಿದಳು. ಅಲ್ಲಿ ಚುಕ್ಕೆ ಚುಕ್ಕೆಯಾಗಿ ಹೆಸರು ಕೊರೆದಿತ್ತು. ಒಂದು ವಾರದಲ್ಲಿ ಮೊದಲ ಸಲ ಅವಳ ಮುಖದಲ್ಲಿ ನಗೆ ಕಂಡಿತು.

“ಒಂದು ಕಾರ್ಡು ತಗೋ. ನಾ ಹೇಳಿದಂಗೆ ಬರಿ, ನಿನ್ನದೊಂದು ಮಾತೂ ಸೇರಿಸಬ್ಯಾಡ. ‘ಬೀಗಿತಿಯವರೇ, ನಿಮ್ಮ ಡಬ್ಬಿ ಮುಟ್ಟಿತು. ಕರ್ಜಿಕಾಯಿ ಮಾಡಿ ತುಂಬಿ ಇಡುತ್ತೇನೆ. ಯಾರದೋ ಕೈಲಿ ಕಳಿಸುವ ಡಬ್ಬಿ ಇದಲ್ಲ. ದೀಪಾವಳಿಗೆ ಅಳಿಯಂದಿರು ನಾಗವೇಣಿಯನ್ನು ಕರಕೊಂಡು ಬಂದು ಒಯ್ಯಲಿ.’ ಆತು, ಸಾಕು.”

“ಅವ್ವ, ಡಬ್ಬಿ ನಿಮಗೇ ಇರಲಿ ಅಂದುಬಿಟ್ಟರೆ?”

“ತಳದಾಗೆ ಓದು. ಅದು ಆಕೆ ತವರಿನ ಡಬ್ಬಿ. ಗಂಡನ್ನ ಬಿಟ್ಟಾಳು, ಅದನ್ನ ಬಿಡಲ್ಲ.”

ಮುಕ್ಕಾಲು ಗಂಟೆಯ ನನ್ನ ಭಾಷಣಕ್ಕೆ ಅಲುಗದ ಮನೆ ಒಂದು ಕಾರ್ಡಿಗೆ ಅಲುಗಿತು. ನೀರು ತುಂಬುವ ಹಬ್ಬದ ದಿನ ಮಧ್ಯಾಹ್ನ ಗಂಡಹೆಂಡತಿ ಬಸ್ಸಿಳಿದರು. ಓಣಿಯವರು ಕೊಟ್ಟ ಅಕ್ಕಿ, ಬೇಳೆ, ಕಾಯಿಗಳಲ್ಲೇ ಮೂರು ದಿನ ಭರ್ಜರಿ ಅಡಿಗೆಯಾಯಿತು. ಐದೂ ಮನೆಗೆ ಮೊರ, ಬುಟ್ಟಿಗಳು ತುಂಬಿ ಹೋದವು, ಹೊತ್ತವನು ನಾನೇ. ಹಾಗೆ ಉಳಿದ ದುಡ್ಡು ಉಂಗುರಕ್ಕಾಯಿತು. ನಾಗವೇಣಿ ಇನ್ನೆಂಟು ದಿನ ತವರಿನಲ್ಲಿ ಉಳಿಯುವುದೆಂದಾಯಿತು. ಅವಳು ಗೌರಕ್ಕನ ಅಂಗಳದಲ್ಲಿ ಗಂಡನ ಮನೆಯ ಸುದ್ದಿ ಹೇಳಿ ನಗುವುದು ನಮ್ಮ ಮನೆಗೇ ಕೇಳುತ್ತಿತ್ತು.

ನಾಲ್ಕನೆಯ ದಿನ ರುದ್ರೇಶಪ್ಪನವರನ್ನು ಬಸ್ಸಿಗೆ ಹತ್ತಿಸಲು ಹೋದೆ. ಕಿಟಕಿ ಪಕ್ಕ ಕೂತು, ಕರ್ಜಿಕಾಯಿಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಅವರು ಮೆಲ್ಲಗೆ ಹೇಳಿದರು: “ಭಾವ, ಅವತ್ತು ನಮ್ಮನೇಲಿ ನೀವು ಹೇಳಿದ್ದು ನೂರಕ್ಕೆ ನೂರು ಖರೆ. ಅವ್ವಂಗೆ ತಿಳೀಲಿಲ್ಲ. ನಂಗೆ ತಿಳೀತು.”

ಒಂದು ತಿಂಗಳಲ್ಲಿ ನನ್ನ ಮಾತನ್ನು ಒಪ್ಪಿದ ಮೊದಲ ಮನುಷ್ಯ. ನನ್ನ ಎದೆ ಸ್ವಲ್ಪ ಉಬ್ಬಿರಬೇಕು.

“ಹಂಗಾಗಿ ಇದನ್ನ ನೀವೇ ಇಟ್ಕಳ್ರಿ,” ಎಂದು ಡಬ್ಬಿಯನ್ನು ಕಿಟಕಿಯಿಂದ ನನ್ನ ಕೈಗಿತ್ತರು. “ಒಯ್ದರೆ ಮತ್ತೆ ತುಂಬಿ ಕಳಿಸಬೇಕು, ನೀವು ಮತ್ತೆ ತುಂಬಬೇಕು. ಎಲ್ಲಾದರೂ ಒಂದು ಕಡೆ ನಿಲ್ಲಿಸಬೇಕಲ್ರಿ? ನೀವು ಬಟ್ಟಲಿಂದ ಶುರು ಮಾಡಿದ್ರಿ, ನಾನು ಡಬ್ಬಿಯಿಂದ ಮಾಡ್ತೀನಿ.”

ಬಸ್ಸು ಹೊರಟಿತು. ನಾನು ಅದರ ಪಕ್ಕದಲ್ಲೇ ಓಡುತ್ತ, ಬರಿಗೈಯಲ್ಲಿ ಹೋದರೆ ಅತ್ತೇರು ಏನೆಂದುಕೊಳ್ಳುತ್ತಾರೆ, ನಾಗವೇಣಿ ಏನು ಕೇಳಬೇಕಾಗುತ್ತದೆ, ಲೋಕದಲ್ಲಿ ಎಲ್ಲಕ್ಕೂ ಲೆಕ್ಕ ನೋಡಲಾಗದು ಎಂದು ಉಸಿರು ಹಿಡಿದು ವಿರೋಧ ಪಕ್ಷವನ್ನು ಮಂಡಿಸಿದೆ. ರುದ್ರೇಶಪ್ಪನವರು ಮೆಚ್ಚಿ ತಲೆದೂಗುತ್ತ ಕೈ ಬೀಸಿದರು. ಧೂಳು ಇಳಿಯುವವರೆಗೂ ಅಲ್ಲೇ ನಿಂತಿದ್ದು, ಮುಂದಿನ ಬಸ್ಸು ಹತ್ತಿದೆ. ದಾವಣಗೆರೆಯಲ್ಲಿ ಬದಲಿಸಿ ಜಗಳೂರು ಮುಟ್ಟುವಷ್ಟರಲ್ಲಿ, ಹೋಗಿಬರುವ ಟಿಕೇಟಿನ ದುಡ್ಡು ಆ ಇಡೀ ತಿಂಗಳು ಓಣಿಗೆ ಹಂಚಿದ ಹೋಳಿಗೆಯ ಬೆಲ್ಲಕ್ಕಿಂತ ಹೆಚ್ಚಾಗಿತ್ತು.

“ಅಳಿಯಂದಿರು ಮರೆತು ಬಂದರು ಅತ್ತೇರೆ,” ಎಂದು ಡಬ್ಬಿ ಕೊಟ್ಟೆ. ಕೊಟ್ರಮ್ಮನವರು ಅದನ್ನು ಎದೆಗವಚಿಕೊಂಡು ಒಳಗೆ ಹೋದರು. ಹೊರಗೆ ಚೀಲ ಹೊಲಿಯುತ್ತಿದ್ದ ರುದ್ರೇಶಪ್ಪನವರು ನನ್ನನ್ನು ನೋಡಿದರು. ಗುರುವೇ ದಾರಿ ತಪ್ಪಿದ್ದನ್ನು ಕಣ್ಣಾರೆ ಕಂಡ ಶಿಷ್ಯನ ನೋಟ ಅದು. ನಾನು ಶೇಂಗಾದ ಬೆಳೆ ಹೇಗಿದೆ ಎಂದು ಕೇಳಿದೆ. ಅವರು ಉತ್ತರಿಸುವಷ್ಟರಲ್ಲಿ ಕೊಟ್ರಮ್ಮನವರು ಹೊರಗೆ ಬಂದರು. ಕೈಯಲ್ಲಿ ಡಬ್ಬಿಯಿತ್ತು, ತೊಳೆದು ಒರೆಸಿ, ಮತ್ತೆ ಬಾಯಿತನಕ ಉಂಡೆ ತುಂಬಿದ ಡಬ್ಬಿ.

“ಅಷ್ಟು ದೂರ ಬಂದೀರಿ,” ಎಂದರು. “ಬರಿಗೈಲಿ ಹೆಂಗೆ ಕಳಿಸಲಿ?”

ನಾನು ಒಂದು ಮಾತೂ ಆಡದೆ ಅದನ್ನು ತೆಗೆದುಕೊಂಡೆ.